ಶಿವಾರಪಟ್ಟಣದಲ್ಲಿ ಕಡೆಸಿದ ಶಿಲುಬೆಯ ಶಿಲ್ಪ

ಮಾಲೂರು ತಾಲ್ಲೂಕಿನಲ್ಲಿರುವ ಶಿಲ್ಪಿಗಳ ಊರಾದ ಶಿವಾರಪಟ್ಟಣಕ್ಕೆ ಬರುವವರು ಹೆಚ್ಚಾಗಿ ಗಣಪತಿಯನ್ನೋ ಆಂಜನೇಯನನ್ನೋ ಮಾಡಿಸಲು ಬರುತ್ತಾರೆ. ನಾವು ಹೋದದ್ದು ನಮ್ಮ ಚಿಕ್ಕ ಪ್ರಾರ್ಥನಾಲಯಕ್ಕಾಗಿ ಶಿಲುಬೆಗೇರಿದ ಯೇಸುಸ್ವಾಮಿಯ ಶಿಲ್ಪವೊಂದನ್ನು ಕೃಷ್ಣಶಿಲೆಯಲ್ಲಿ ಕಡೆಸಲು. ಪೇಟೆಯಲ್ಲಿ ಸಿಗುವ ಪ್ಲಾಸ್ಟರ್ ಪ್ರತಿಮೆಗಳ ಗುಲಾಬಿ ಕೆನ್ನೆಯನ್ನೂ ನುಣುಪಾದ ಮೈಯನ್ನೂ ನೋಡುತ್ತ ಬಂದ ನಮಗೆ, ನೊಂದವನು ನೊಂದವನಂತೆಯೇ ಕಾಣುವ ಒಂದು ಮೂರ್ತಿ ಬೇಕಾಗಿತ್ತು.

ಬಿಡಿ ಶಿಲುಬೆಯಾದರೆ ಚಾಚಿದ ತೋಳುಗಳು ಸಾಗಣೆಯಲ್ಲಿ ಮುರಿಯಬಹುದೆಂದು ಹೇಳಿ, ಹಿರಿಯ ಶಿಲ್ಪಿಗಳು ಎರಡು ಅಡಿ ಎತ್ತರದ ಹಲಗೆಗಲ್ಲಿನ ಮೇಲೆ ಉಬ್ಬುಶಿಲ್ಪ ಮಾಡಿಸಿಕೊಳ್ಳುವಂತೆ ಸೂಚಿಸಿದರು. ಇದು ಒಳ್ಳೆಯ ಸಲಹೆಯಾಗಿತ್ತು. ವಾರದ ನಂತರ ಅವರು ತೋರಿಸಿದ ರೇಖಾಚಿತ್ರ ಅಳತೆಯಲ್ಲಿ ನಿರ್ದುಷ್ಟವಾಗಿತ್ತು: ಮುಖದ ಉದ್ದವನ್ನು ಒಂದು ತಾಳವೆಂದು ಹಿಡಿದು ಇಡೀ ದೇಹವನ್ನು ಭಾಗಿಸಿದ್ದರು. ಆದರೆ ಎದೆ ವಿಶಾಲವಾಗಿತ್ತು, ತುಟಿಯಲ್ಲಿ ಮಂದಹಾಸವಿತ್ತು, ಮುಳ್ಳಿನ ಕಿರೀಟ ನಿಜವಾದ ಕಿರೀಟದಂತೆಯೇ ಒಪ್ಪವಾಗಿತ್ತು.

ಪಕ್ಕೆಲುಬುಗಳು ಕಾಣಬೇಕೆಂದು ನಾನು ಕೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ದೇವರ ಮೈಯಲ್ಲಿ ಎಲುಬು, ನರ ತೋರಿಸೋದು ನಮ್ಮ ಪದ್ಧತಿಯಲ್ಲಿಲ್ಲ ಮೇಷ್ಟ್ರೇ. ಭಿನ್ನವಾದ, ಅಂದ್ರೆ ಊನವಾದ, ಮೂರ್ತಿಗೆ ಪೂಜೆಯೂ ಇಲ್ಲ” ಎಂದರು. ಆ ಮಾತಿನಲ್ಲಿ ನನಗೆ ಹಟ ಕಾಣಲಿಲ್ಲ. ತಲೆಮಾರುಗಳ ಶ್ರದ್ಧೆ ಕಂಡಿತು. ನಾನೂ ನಮ್ಮ ಶ್ರದ್ಧೆಯನ್ನು ಹೇಳಿಕೊಂಡೆ. ರೋಮನ್ನರ ಕಾಲದಲ್ಲಿ ಶಿಲುಬೆಯೆಂಬುದು ಗುಲಾಮರಿಗೂ ದಂಗೆಕೋರರಿಗೂ ಮೀಸಲಾದ ಅವಮಾನದ ಸಾವಾಗಿತ್ತು. ಮುಳ್ಳಿನ ಕಿರೀಟವನ್ನು ತೊಡಿಸಿದವರು ಭಕ್ತರಲ್ಲ, ಯೇಸುವನ್ನು ಅರಸನೆಂದು ಹಂಗಿಸಿದ ಸೈನಿಕರು. ಬೈಬಲಿನ ಯೆಶಾಯನ ಗ್ರಂಥದ 53ನೆಯ ಅಧ್ಯಾಯ ಹೇಳುವ ಸೇವಕನಿಗೆ ನಾವು ಕಣ್ಣಿಟ್ಟು ನೋಡುವಂಥ ಚೆಲುವಿಲ್ಲ. ಜನ ಅವನಿಂದ ಮುಖ ತಿರುಗಿಸಿಕೊಳ್ಳುತ್ತಾರೆ, ಅವನು ಹೊತ್ತಿರುವುದು ಪರರ ಬೇನೆ. ಕ್ರೈಸ್ತರು ಆ ಸೇವಕನಲ್ಲಿ ಯೇಸುವನ್ನು ಕಾಣುತ್ತಾರೆ. ಸಾಯುವ ಹಿಂದಿನ ರಾತ್ರಿ ಸೊಂಟಕ್ಕೆ ವಸ್ತ್ರ ಸುತ್ತಿಕೊಂಡು ತಮ್ಮ ಶಿಷ್ಯರ ಪಾದಗಳನ್ನು ತೊಳೆದವರು ಅವರು. ದೇವರು ತನ್ನ ಹಿರಿಮೆಯನ್ನು ತೊರೆದು ದಾಸನ ರೂಪಕ್ಕೆ ಇಳಿದನೆಂದು ಸಂತ ಪೌಲರು ಫಿಲಿಪ್ಪಿ ಊರಿನ ಕ್ರೈಸ್ತರಿಗೆ ಬರೆದ ಪತ್ರದಲ್ಲಿ ಹೇಳುತ್ತಾರೆ. ಆದ್ದರಿಂದ ಈ ಮೈಯ ಮೇಲಿನ ಗಾಯ ಮೂರ್ತಿಯ ಭಿನ್ನವಲ್ಲ, ಅದೇ ಅದರ ಲಕ್ಷಣ ಎಂದೆ.

ಶಿಲ್ಪಿಗಳ ಮೊದಲ ಚಿತ್ರಕ್ಕೆ ಕ್ರೈಸ್ತ ಕಲೆಯಲ್ಲಿಯೇ ಪೂರ್ವನಿದರ್ಶನ ಇದೆಯೆಂಬುದನ್ನು ಇಲ್ಲಿ ಹೇಳದಿದ್ದರೆ ಅನ್ಯಾಯವಾದೀತು. ರೋಮಿನ ಸಾಂತಾ ಸಬೀನಾ ದೇವಾಲಯದಲ್ಲಿರುವ 5ನೆಯ ಶತಮಾನದ ಮರದ ಬಾಗಿಲಿನ ಮೇಲೆ, ಶಿಲುಬೆಯ ಕ್ರಿಸ್ತನು ಕಣ್ಣು ತೆರೆದು ನೋವಿಲ್ಲದವನಂತೆ ನಿಂತಿದ್ದಾನೆ. ತಲೆ ವಾಲಿ, ದೇಹ ಜೋತುಬಿದ್ದ ಕ್ರಿಸ್ತನು ಜರ್ಮನಿಯ ಕೊಲೋನ್ ನಗರದ ಪ್ರಧಾನಾಲಯದ ಗೆರೋ ಶಿಲುಬೆಯಲ್ಲಿ ಕಾಣಿಸಿಕೊಳ್ಳುವುದು 10ನೆಯ ಶತಮಾನದಲ್ಲಿ. ಆ ಶಿಲುಬೆಯ ಚಿತ್ರವನ್ನು ನನ್ನ ಫೋನಿನಲ್ಲಿ ಅವರು ಬಹಳ ಹೊತ್ತು ನೋಡಿದರು.

ಕೊನೆಗೆ ಕೈಸೇರಿದ ಶಿಲ್ಪದಲ್ಲಿ ತಲೆ ಬಲಭುಜದ ಮೇಲೆ ಒರಗಿದೆ. ಮಂದಹಾಸ ಹೋಗಿದೆ, ಆದರೆ ಮುಖ ವಿಕಾರವಾಗಿಲ್ಲ. ಉಸಿರು ನಿಂತ ಹೊಟ್ಟೆ ಒಳಸೇರಿದೆ. ಪಕ್ಕೆಲುಬುಗಳು ಬರಗಾಲ ಕಂಡ ನಮ್ಮ ಕೋಲಾರ ಸೀಮೆಯ ಕೂಲಿಯವನೊಬ್ಬನ ಎದೆಯನ್ನು ನೆನಪಿಸುತ್ತವೆ. ಅತ್ಯಂತ ಚೆನ್ನಾಗಿ ಬಂದಿರುವುದು ಪಕ್ಕೆಯ ಗಾಯ. ಅದರ ಅಂಚನ್ನು ಉಜ್ಜಿ ನಯಗೊಳಿಸಲೇ ಎಂದು ಅವರು ಕೇಳಿದಾಗ ಬೇಡವೆಂದಿದ್ದೆ, ಏಕೆಂದರೆ ಯೇಸು ಸತ್ತು ಮತ್ತೆ ಎದ್ದ ಪುನರುತ್ಥಾನದ ನಂತರವೂ ಆ ಗಾಯ ಉಳಿದಿತ್ತು ಮತ್ತು ಸಂಶಯಪಟ್ಟ ಶಿಷ್ಯ ತೋಮನಿಗೆ ಯೇಸು ತೋರಿಸಿದ್ದು ಅದನ್ನೇ. ಅಲ್ಲಿ ಉಳಿಯ ಗುರುತು ಹಾಗೆಯೇ ಇದೆ.

ಕೊರತೆಗಳೂ ಇವೆ. ಪಾದಗಳು ಮೊದಲ ಚಿತ್ರದಲ್ಲಿದ್ದಂತೆಯೇ ಕೋಮಲವಾಗಿ ಉಳಿದಿವೆ. ಊರೂರು ನಡೆದವರ ಪಾದಗಳಲ್ಲ ಅವು. ಕಲ್ಲಿನ ಹಿಂಬದಿಯ ಅಂಚಿನಲ್ಲಿ ಗ್ರೈಂಡರಿನ ಗೆರೆಗಳು ಕಾಣುತ್ತವೆ. ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ದಿನಗಳಾದ ತಪಸ್ಸುಕಾಲದ ಆರಂಭಕ್ಕೆ ಕೊಡುವೆವೆಂದಿದ್ದ ಶಿಲ್ಪ ಶುಭ ಶುಕ್ರವಾರಕ್ಕೆ ಎರಡೇ ದಿನ ಇರುವಾಗ ಬಂತು, ಫೋನಿಗೆ ಉತ್ತರವೂ ಸರಿಯಾಗಿ ಸಿಗಲಿಲ್ಲ. ನಾವು ಕೊಟ್ಟದ್ದು 32,000 ರೂಪಾಯಿ, ಅರ್ಧ ಮುಂಗಡ, ಸಾಗಣೆ ಬೇರೆ. ಕೆಲಸವನ್ನು ನೋಡಿದರೆ ಇದು ಹೆಚ್ಚೆಂದು ನನಗೆ ಅನ್ನಿಸುವುದಿಲ್ಲ.

ಇಂಥದ್ದನ್ನು ಮಾಡಿಸುವವರು ಉಳಿ ತಾಕುವ ಮೊದಲೇ, ಚಿತ್ರದ ಹಂತದಲ್ಲಿ, ಕುಳಿತು ಮಾತನಾಡಬೇಕು. ಕಲ್ಲಿನಿಂದ ತೆಗೆಯಬಹುದೇ ಹೊರತು ಅದಕ್ಕೆ ಸೇರಿಸಲಾಗದು. ಒಪ್ಪಿಸುವಾಗ ಅವರು ರೂಢಿಯಂತೆ ಎಣ್ಣೆ ಸವರಲು ಹೊರಟರು, ನಾವು ಬೇಡವೆಂದೆವು. ಎಣ್ಣೆಯಿಂದ ಕಲ್ಲು ಕಪ್ಪಾಗಿ ಹೊಳೆಯತೊಡಗಿದರೆ ಪಕ್ಕೆಲುಬುಗಳ ನಡುವಿನ ನೆರಳು ಮರೆಯಾಗುತ್ತದೆ. ಒಣಬಟ್ಟೆಯಲ್ಲಿ ಒರೆಸಿದರೆ ಸಾಕು.