ಆರು ವರ್ಷ ಬಾರ್ಬೇರಿಯನ್ ಆಡಿದ ಮೇಲೆ: ನನ್ನ ಕೊಡಲಿ ಮತ್ತು ಹಾರುವ ವೈರಿ

ದಾಳ ಉರುಳಿಸಿ ಕಥೆ ಕಟ್ಟುವ ಮೇಜಿನ ಆಟ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್‌ನ ಐದನೇ ಆವೃತ್ತಿಯನ್ನು ಆರು ವರ್ಷದಿಂದ ವಾರಕ್ಕೊಮ್ಮೆ ಆಡುತ್ತಿದ್ದೇನೆ. ಕಥೆಗಳು ಬದಲಾದವು, ಜೊತೆಗಾರರು ಬದಲಾದರು. ನಾನು ಮಾತ್ರ ಪ್ರತಿ ಸಲ ದೊಡ್ಡ ಕೊಡಲಿ ಹಿಡಿದ ಬಾರ್ಬೇರಿಯನ್, ಅಂದರೆ ಕೋಪವೇ ಬಲವಾದ ಯೋಧ. ಆಟ ಹೇಗೆ ನಡೆಯುತ್ತೆ ಅಂತ ಬೇರೆಯವರು ಸಾಕಷ್ಟು ಬರೆದಿದ್ದಾರೆ. ನನಗೆ ಹೇಳಬೇಕಿರೋದು ಒಂದೇ ವಿಷಯ. ವೈರಿ ರೆಕ್ಕೆ ಬಿಚ್ಚಿ ಮೇಲೆ ಹೋದಾಗ, ಕೆಳಗೆ ಕೊಡಲಿ ಹಿಡಿದು ನಿಂತವನ ಪಾಡು.

ನಮ್ಮ ಮೇಜಿನ ಮೇಲೆ ಎತ್ತರ ತೋರಿಸೋಕೆ ಆರು ಮುಖದ ಒಂದು ದಾಳ ಇಡುತ್ತೇವೆ. ಹಾರುವ ಗೊಂಬೆಯ ಪಕ್ಕದಲ್ಲೇ ಅದರ ಜಾಗ. ಒಂದು ಚುಕ್ಕೆ ಅಂದರೆ ಹತ್ತು ಅಡಿ. ಡಿಎಂ (ಆಟ ನಡೆಸುವ ಡಂಜನ್ ಮಾಸ್ಟರ್) ಎರಡು ಬೆರಳಲ್ಲಿ ಅದನ್ನು ಎತ್ತಿ, ಎರಡನ್ನು ಐದಕ್ಕೆ ತಿರುಗಿಸಿ ಮೆಲ್ಲಗೆ ಇಡುತ್ತಾಳೆ. ಆ ಸಣ್ಣ ಸದ್ದು ಕೇಳಿದರೆ ನನ್ನ ಸರದಿ ಮುಗಿದ ಹಾಗೆ ಅನಿಸುತ್ತಿತ್ತು. ಇನ್ನೊಂದು ರೂಢಿಯೂ ಇದೆ. ಆಟ ಶುರುವಾಗೋ ಮುಂಚೆ ಪೆನ್ಸಿಲ್ ಚೂಪು ಮಾಡಿ, ಪಾತ್ರದ ವಿವರ ಬರೆದ ಕ್ಯಾರೆಕ್ಟರ್ ಶೀಟಿನ ಅಂಚಿನಲ್ಲಿ ನಾಲ್ಕು ಗೆರೆ ಎಳೆಯುತ್ತೇನೆ. 2014ರ ನಿಯಮದಲ್ಲಿ ಬಾರ್ಬೇರಿಯನ್‌ಗೆ ಮೊದಲ ದಿನವೇ ಸಿಗುತ್ತಿದ್ದ ನಾಲ್ಕು ಜಾವೆಲಿನ್‌ಗಳು, ಅಂದರೆ ಎಸೆಯುವ ಈಟಿಗಳು. ಎಸೆದದ್ದಕ್ಕೆ ಅಡ್ಡ ಗೆರೆ. ಹೆಕ್ಕಿಕೊಂಡ ಮೇಲೆ ರಬ್ಬರ್. ಆ ಅಂಚು ಉಜ್ಜಿ ಉಜ್ಜಿ ತೆಳುವಾಗಿ, ಕಾಗದ ಎರಡು ಸಲ ಹರಿದಿದೆ.

2014ರ ನಿಯಮಗಳಲ್ಲಿ ಆ ನಾಲ್ಕು ಗೆರೆಗಳೇ ನನ್ನ ಆಕಾಶಯುದ್ಧ. ಮೂರನೇ ಲೆವೆಲ್‌ನಲ್ಲಿ ಮ್ಯಾಂಟಿಕೋರ್ ಅನ್ನೋ ರೆಕ್ಕೆಯ ಮೃಗ ಎದುರಾಯಿತು. ಹಾರೋ ವೇಗ 50 ಅಡಿ. ಬಾಲದಲ್ಲಿ 24 ಮುಳ್ಳು, ಒಂದು ಸರದಿಗೆ ಮೂರು, ನೂರು ಅಡಿ ದೂರದಿಂದ ಸಲೀಸಾಗಿ ಬರುತ್ತವೆ. ನನ್ನ ಜಾವೆಲಿನ್ 30 ಅಡಿವರೆಗೆ ಚೆನ್ನಾಗಿ ಹೋಗುತ್ತೆ. ಆಮೇಲೆ 120 ಅಡಿವರೆಗೆ ಡಿಸ್ಅಡ್ವಾಂಟೇಜ್, ಅಂದರೆ ದಾಳ ಎರಡು ಸಲ ಉರುಳಿಸಿ ಕಡಿಮೆ ಬಿದ್ದದ್ದನ್ನೇ ತಗೋಬೇಕು. ನಾಲ್ಕೂ ಎಸೆದೆ, ಒಂದು ತಾಗಿತು.

ನಿಜವಾಗಿ ನೋವಾಗಿದ್ದು ಅದರಿಂದಲ್ಲ, ರೇಜ್‌ನಿಂದ. ಕೋಪದಲ್ಲಿ ಹೆಚ್ಚು ಬಲವಾಗಿ ಹೊಡೆಯುವ ಶಕ್ತಿ ಅದು. ಈ ಪಾತ್ರದ ಜೀವವೇ ರೇಜ್, ಅಲ್ವಾ? ಮೂರನೇ ಲೆವೆಲ್‌ನಲ್ಲಿ ದಿನಕ್ಕೆ ಮೂರೇ ಸಲ. ಹಳೇ ನಿಯಮದಲ್ಲಿ ಎಸೆದ ಆಯುಧಕ್ಕೆ ರೇಜ್‌ನ ಹೆಚ್ಚುವರಿ ಪೆಟ್ಟು ಸೇರುವುದಿಲ್ಲ, ಕೈಯಲ್ಲಿ ಹಿಡಿದು ಹೊಡೆದರೆ ಮಾತ್ರ. ಅಷ್ಟೇ ಅಲ್ಲ, ಒಂದು ಸುತ್ತಿನಲ್ಲಿ ನೀವು ವೈರಿಯ ಮೇಲೆ ದಾಳಿ ಮಾಡದೆ, ಏಟೂ ತಿನ್ನದೆ ಇದ್ದರೆ ರೇಜ್ ಅಲ್ಲಿಗೇ ಮುಗಿಯಿತು. ಜಾವೆಲಿನ್ ಖಾಲಿಯಾಗಿ ನಾನು ಅವುಗಳ ಹಿಂದೆ ಓಡುತ್ತಿದ್ದೆ. ಮುಳ್ಳು ಪಕ್ಕಕ್ಕೆ ಬಿತ್ತು. ಕೋಪ ಆರಿತು. ಗುಂಪಿನಲ್ಲೇ ಗಟ್ಟಿ ಆಳು, ತನಗೆ ಏಟು ಬೀಳಲಿಲ್ಲ ಅನ್ನೋ ಕಾರಣಕ್ಕೆ ತಣ್ಣಗಾದ. ಇದನ್ನು ನಾನು ಇವತ್ತಿಗೂ ಒಪ್ಪುವುದಿಲ್ಲ.

ಐದನೇ ಲೆವೆಲ್‌ಗೆ ಎರಡು ದಾಳಿ ಬರುತ್ತೆ. ಆದರೆ ಒಂದು ಸರದಿಯಲ್ಲಿ ಪುಕ್ಕಟೆಯಾಗಿ ತೆಗೆಯೋಕಾಗೋದು ಒಂದೇ ಆಯುಧ. ಹಾಗಾಗಿ ಎರಡನೇ ಎಸೆತ ಎಷ್ಟೋ ಸಲ ಸುಮ್ನೆ ಹಾಳಾಗುತ್ತಿತ್ತು. ಬಿಲ್ಲು ಹಿಡಿ ಅಂತ ಎಲ್ಲರೂ ಹೇಳಿದರು. ಲಾಂಗ್‌ಬೋ 150 ಅಡಿ ಹೊಡೆಯುತ್ತೆ ನಿಜ. ಆದರೆ ಅದಕ್ಕೆ ಬೇಕಿರೋದು ಡೆಕ್ಸ್ಟೆರಿಟಿ (ಚುರುಕುತನ), ನನ್ನಲ್ಲಿರೋದು ಸ್ಟ್ರೆಂತ್ (ಬಲ). ಮಂತ್ರವಾದಿ ಗೆಳೆಯ ಫ್ಲೈ ಮಂತ್ರ ಹಾಕಿದಾಗ ಖುಷಿಯಾಗುತ್ತಿತ್ತು. ಆದರೆ ಅವನ ಏಕಾಗ್ರತೆ ಕೆಟ್ಟರೆ ಕೆಳಗೆ ಬೀಳೋದು ನಾನು.

ನಿಯಮ ತಿದ್ದಿದ ಹೊಸ ಪುಸ್ತಕ 2024ರಲ್ಲಿ ಬಂದಾಗ ನಾನು ಕೊಳ್ಳೋಕೆ ಹಿಂಜರಿದೆ. ಆಟಕ್ಕೆ ನಾನು ಜಾಸ್ತಿ ಖರ್ಚು ಮಾಡುವವನಲ್ಲ. ಒಂದು ಪುಸ್ತಕ, ಒಂದು ಸೆಟ್ ದಾಳ, ಒಂದು ಗೊಂಬೆ, ಅಷ್ಟೇ. ಕೊನೆಗೆ ಆಟಗಾರರ ಪುಸ್ತಕ ಮಾತ್ರ ತಗೊಂಡೆ. ಈಗ ಕೊಳ್ಳುವವರಿಗೆ ಆ ಚಿಂತೆಯೂ ಬೇಡ. 2025ರಲ್ಲಿ ಬಂದ ಉಚಿತ ನಿಯಮಗಳ ಕಡತದಲ್ಲಿ ನಾನು ಮುಂದೆ ಹೇಳೋದೆಲ್ಲ ಇದೆ.

ನನ್ನ ದೂರುಗಳಿಗೆ ಒಂದೊಂದಾಗಿ ಉತ್ತರ ಸಿಕ್ಕಿತು. ಎಸೆಯೋ ಆಯುಧವನ್ನು ದಾಳಿಯ ಭಾಗವಾಗಿಯೇ ತೆಗೆಯಬಹುದು. ಸ್ಟ್ರೆಂತ್‌ನಿಂದ ಎಸೆದರೆ ರೇಜ್‌ನ ಪೆಟ್ಟು ಸೇರುತ್ತೆ. ಹೊಡೆಯೋಕೆ ಯಾರೂ ಸಿಗದಿದ್ದರೆ ಬೋನಸ್ ಆ್ಯಕ್ಷನ್ (ಸರದಿಯಲ್ಲಿ ಮಾಡಬಹುದಾದ ಒಂದು ಹೆಚ್ಚುವರಿ ಕೆಲಸ) ಕೊಟ್ಟು ರೇಜ್ ಉಳಿಸಿಕೊಳ್ಳಬಹುದು. ಇದನ್ನು ಓದಿದ ದಿನ ಆ ಪುಟವನ್ನು ಗುಂಪಿನವರಿಗೆಲ್ಲ ಗಟ್ಟಿಯಾಗಿ ಓದಿ ಹೇಳಿದೆ.

ನಾನು ಎಣಿಸಿರದ ಸಂತೋಷ ತ್ರಿಶೂಲ. ಹಳೇ ನಿಯಮದಲ್ಲಿ ಅದರ ಕಡೆ ಯಾರೂ ನೋಡುತ್ತಿರಲಿಲ್ಲ. ಈಗ ಅದಕ್ಕೆ ಟಾಪಲ್ ಅನ್ನೋ ಗುಣ ಇದೆ. ತಾಗಿದರೆ ವೈರಿ ಕಾನ್‌ಸ್ಟಿಟ್ಯೂಷನ್ ಸೇವ್ ಮಾಡಬೇಕು, ಅಂದರೆ ದೇಹದ ಗಟ್ಟಿತನದಿಂದ ತಡೆದುಕೊಳ್ಳೋಕೆ ದಾಳ ಉರುಳಿಸಬೇಕು. ಸೋತರೆ ಪ್ರೋನ್, ಅಂದರೆ ಅಡ್ಡಬಿದ್ದ ಹಾಗೆ. ಹಾರುತ್ತಿರುವ ಪ್ರಾಣಿ ಪ್ರೋನ್ ಆದರೆ ಗಾಳಿಯಲ್ಲಿ ತೇಲಿ ನಿಲ್ಲುವ ಶಕ್ತಿ ಇಲ್ಲದಿದ್ದರೆ ನೆಲಕ್ಕೆ ಬೀಳುತ್ತೆ. ತ್ರಿಶೂಲವನ್ನು ಎಸೆದರೂ ಈ ಗುಣ ಕೆಲಸ ಮಾಡುತ್ತೆ. ವೈರಿ ಎಷ್ಟೇ ದೊಡ್ಡದಿರಲಿ, ಅಡ್ಡಿಯಿಲ್ಲ.

ಮೊದಲ ಸಲ ಎಸೆದಿದ್ದು ವೈವರ್ನ್ ಅನ್ನೋ ಡ್ರ್ಯಾಗನ್‌ನಂಥ ಮೃಗದ ಮೇಲೆ. ದಾಳ ನಾಲ್ಕು ತೋರಿಸುತ್ತಿತ್ತು. ನಲವತ್ತು ಅಡಿ. ತ್ರಿಶೂಲ 20 ಅಡಿ ದಾಟಿದರೆ ಡಿಸ್ಅಡ್ವಾಂಟೇಜ್. ಆದರೆ ಬಾರ್ಬೇರಿಯನ್‌ನ ರೆಕ್‌ಲೆಸ್ ಅಟ್ಯಾಕ್ (ಹಿಂದೆಮುಂದೆ ನೋಡದ ದಾಳಿ) ಈಗ ಎಸೆತಕ್ಕೂ ಅಡ್ವಾಂಟೇಜ್ ಕೊಡುತ್ತೆ, ಅಂದರೆ ಎರಡು ಉರುಳಿಕೆಯಲ್ಲಿ ಹೆಚ್ಚು ಬಿದ್ದದ್ದು. ಒಂದಕ್ಕೊಂದು ವಜಾ, ನೇರ ಒಂದೇ ದಾಳ. ತಾಗಿತು. ವೈವರ್ನ್ ಸೇವ್‌ನಲ್ಲಿ 15 ಮುಟ್ಟಬೇಕಿತ್ತು. ಒಂಬತ್ತು ಬಿತ್ತು, ಅದರ ಮೂರು ಸೇರಿಸಿದರೆ ಹನ್ನೆರಡು.

"ಬೀಳಿಸಿಬಿಟ್ಯಲ್ಲೋ!" ಅಂದಳು ಡಿಎಂ. ಬಿದ್ದ ಪೆಟ್ಟಿಗೆ ಹತ್ತು ಅಡಿಗೊಂದು ದಾಳ. ಎತ್ತರ ತೋರಿಸುತ್ತಿದ್ದ ಆ ದಾಳವನ್ನೇ ಎತ್ತಿ, ಇನ್ನು ಮೂರರ ಜೊತೆ ಸೇರಿಸಿ ನನ್ನ ಕೈಗೇ ಕೊಟ್ಟಳು. ಉರುಳಿಸಿದೆ. ಆಮೇಲೆ ಅದರ ಪಕ್ಕಕ್ಕೆ ಓಡಿ, ಎರಡನೇ ದಾಳಿಗೆ ಕೊಡಲಿ ತೆಗೆದೆ. ಬಿದ್ದವನ ಮೇಲೆ ಹತ್ತಿರದಿಂದ ಅಡ್ವಾಂಟೇಜ್. ಅದು ಎದ್ದು ಹಾರಿ ಹೊರಟಾಗ ಇನ್ನೊಂದು ಏಟು. ಆರು ವರ್ಷದಲ್ಲಿ ಅಷ್ಟು ಚೆಂದದ ಸುತ್ತು ನನಗೆ ಸಿಕ್ಕಿರಲಿಲ್ಲ.

ಎಲ್ಲ ಸರಿಹೋಗಿದೆ ಅಂತ ಹೇಳಲಾರೆ. ದೊಡ್ಡ ಡ್ರ್ಯಾಗನ್‌ಗಳ ಮುಂದೆ ಇದು ಸುಲಭವಲ್ಲ. ವಯಸ್ಕ ಕೆಂಪು ಡ್ರ್ಯಾಗನ್ 80 ಅಡಿ ಹಾರುತ್ತೆ, ಬೆಂಕಿ 60 ಅಡಿ ಉಗುಳುತ್ತೆ. ಸೋತ ಸೇವನ್ನು ದಿನಕ್ಕೆ ಮೂರು ಸಲ ಗೆದ್ದದ್ದಾಗಿ ಮಾಡಿಕೊಳ್ಳುತ್ತೆ. ಆದರೂ ನನ್ನ ತ್ರಿಶೂಲಕ್ಕೆ ಅದು ಅವುಗಳಲ್ಲಿ ಒಂದನ್ನು ಖರ್ಚು ಮಾಡಿದರೆ, ಮಂತ್ರವಾದಿಯ ಮಂತ್ರ ತಡೆಯೋಕೆ ಒಂದು ಕಡಿಮೆ. ನೆಲದ ಮೇಲಿದ್ದೂ ಜಗಳದಲ್ಲಿ ಪಾಲು ಸಿಗುತ್ತೆ. ಹೊಸ ನಿಯಮಗಳನ್ನು ಕೊಡಲಿ ಹಿಡಿಯುವ ಯಾರಿಗೂ ನಾನು ಧೈರ್ಯವಾಗಿ ಹೇಳುತ್ತೇನೆ. ಹಳೇ ಪುಸ್ತಕದಲ್ಲೇ ಆಡುವವರು ಕನಿಷ್ಠ ರೇಜ್ ಉಳಿಸಿಕೊಳ್ಳುವ ನಿಯಮವನ್ನಾದರೂ ಡಿಎಂ ಹತ್ತಿರ ಕೇಳಿ ಪಡೆಯಿರಿ.

ಈಗ ಶೀಟಿನ ಅಂಚಿನಲ್ಲಿ ನಾಲ್ಕು ಗೆರೆಗಳ ಪಕ್ಕ ಮೂರು ಪುಟ್ಟ ತ್ರಿಶೂಲ ಬರೆಯುತ್ತೇನೆ. ತ್ರಿಶೂಲ ಹೋಗೋದು ಹೆಚ್ಚೆಂದರೆ 60 ಅಡಿ, ಒಂದು ದಾಳದಲ್ಲಿರೋದೂ ಆರೇ ಚುಕ್ಕೆ. ಡ್ರ್ಯಾಗನ್ ಸರದಿ ಬಂದಾಗ ನಾನು ನೋಡೋದು ಡಿಎಂ ಕೈಯನ್ನು, ಅವಳು ಡಬ್ಬಿಯಿಂದ ಎರಡನೇ ದಾಳ ತೆಗೆಯುತ್ತಾಳಾ ಅಂತ.