ಕಾರವಾರದ ಕಡಲತೀರದಲ್ಲಿ ಗಾಯನ: ಭಾಷಣ ಜಾಸ್ತಿ, ತಬಲಾ ಒದ್ದೆ

ಡಿಸೆಂಬರ್ ಕೊನೆಯ ಒಂದು ಶನಿವಾರ ಆಯಿಯನ್ನು ಕಾರಲ್ಲಿ ಕೂರಿಸಿಕೊಂಡು ಶಿರಸಿಯಿಂದ ದೇವಿಮನೆ ಘಟ್ಟ ಇಳಿದೆ. ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರದ ಮಯೂರವರ್ಮ ವೇದಿಕೆಯಲ್ಲಿ ಸಂಜೆ ಆರಕ್ಕೆ ಹಿಂದೂಸ್ತಾನಿ ಗಾಯನ, ಪ್ರವೇಶ ಉಚಿತ. ಹಾಡುವವರು ಧಾರವಾಡದ ಕಡೆಯವರು. ನಾನು ಭಾನುವಾರ ಮಕ್ಕಳಿಗೆ ತಬಲಾ ಹೇಳಿಕೊಡುವವನು. ಹಾಗಾಗಿ ಕಣ್ಣು, ಕಿವಿ ಎರಡೂ ಪಕ್ಕವಾದ್ಯದ ಕಡೆಗೇ ಹೋಗುತ್ತವೆ. ಇದನ್ನು ಹಾಗೇ ಓದಿಕೊಳ್ಳಿ.

ಜಾಗಕ್ಕೆ ಪೂರ್ತಿ ಅಂಕ. ಟ್ಯಾಗೋರರ ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದರು. ಬ್ರಿಟಿಷರ ಕಾಲದ ಆಡಳಿತ ಸೇವೆ ಐಸಿಎಸ್ ಸೇರಿದ ಮೊದಲ ಭಾರತೀಯ ಅವರೇ. 1883ರ ಸುಮಾರಿಗೆ ಅಣ್ಣನ ಮನೆಗೆ ಬಂದ ತಮ್ಮ ಇಲ್ಲಿದ್ದಾಗ ಒಂದು ನಾಟಕ ಬರೆದರು, ಬೆಳದಿಂಗಳಲ್ಲಿ ಕಾಳಿ ನದಿಯ ಮೇಲೆ ದೋಣಿಯಲ್ಲಿ ಹೋದರು. ಮರಳಿನ ಅಂಚಿನ ಗಾಳಿಮರಗಳ ಬಗ್ಗೆಯೂ ಬರೆದಿಟ್ಟಿದ್ದಾರೆ. ಇನ್ನು ವೇದಿಕೆಯ ಮಯೂರವರ್ಮ ನಮ್ಮವನೇ, ಬನವಾಸಿ ನಮ್ಮ ತಾಲೂಕಲ್ವಾ! ದಡ ಹತ್ತಿ ಕೂತ ಚಪಲ್ ಯುದ್ಧನೌಕೆಯನ್ನು ಆಯಿ ಸುಮಾರು ಹೊತ್ತು ನೋಡಿದಳು. ಹಡಗಿಗಿಂತ, ಅದನ್ನು ಇಲ್ಲಿಯ ತನಕ ಹೇಗೆ ತಂದರು ಅನ್ನುವುದೇ ಅವಳ ಚಿಂತೆ.

ಆರಕ್ಕೆ ಶುರುವಾದದ್ದು ಭಾಷಣ. ಸ್ವಾಗತ, ಪ್ರಾಸ್ತಾವಿಕ, ಉದ್ಘಾಟನೆ, ಶಾಲು, ಹಾರ, ಮತ್ತೆ ಶಾಲು. ಮುಂದಿನ ಸಾಲಿನ ಸೋಫಾಗಳು ಗಣ್ಯರಿಗಂತೆ, ಅರ್ಧಕ್ಕರ್ಧ ಖಾಲಿ. ಎಪ್ಪತ್ತು ದಾಟಿದ ಆಯಿಗೆ ಅಲ್ಲೊಂದು ಜಾಗ ಕೇಳಿದರೆ ಕೊಡಲಿಲ್ಲ. "ತಮಾ, ಇದು ಯಾವಾಗ ಮುಗಿತೋ?" ಎಂದಳು. ಒಂದು ಪೊಟ್ಟಣ ಶೇಂಗಾ ತಂದುಕೊಟ್ಟೆ. ಅದು ಮುಗಿಯಿತು, ಭಾಷಣ ಮುಗಿಯಲಿಲ್ಲ.

ಗಾಯಕಿ ಮೈಕಿನ ಮುಂದೆ ಕೂತಾಗ ಏಳೂವರೆ. ಆಹ್ವಾನ ಪತ್ರಿಕೆಯಲ್ಲಿ ಮೊದಲು ಪೂರಿಯಾ ಧನಾಶ್ರೀ ಅಂತಿತ್ತು. ಅದು ಮುಸ್ಸಂಜೆಯ ರಾಗ. ಸೂರ್ಯ ಮುಳುಗಿ ಒಂದು ತಾಸಿನ ಮೇಲಾಗಿತ್ತು. ಅವರು ಏನೂ ಹೇಳದೆ ರಾತ್ರಿಯ ಮೊದಲ ಹೊತ್ತಿನ ರಾಗ ಯಮನ್ ಎತ್ತಿಕೊಂಡರು. ನನಗೆ ಹೊಟ್ಟೆ ಉರಿಯಿತು. ಅಷ್ಟು ಚಂದದ ಸಂಜೆ, ಕಡಲ ಮೇಲೆ ಕೆಂಪು, ಆ ರಾಗಕ್ಕೆಂದೇ ಇದ್ದ ಹೊತ್ತು. ಹಾರ ತುರಾಯಿಗೆ ಹೋಯಿತು.

ಇನ್ನು ತಬಲಾ. ಕಡಲ ಪಕ್ಕದ ಹವೆಯಲ್ಲಿ ನೀರಿನ ಪಸೆ ಜಾಸ್ತಿ. ಪುಡಿಯ, ಅಂದರೆ ತಬಲಾದ ಬಾಯಿಗೆ ಬಿಗಿದ ಹೊದಿಕೆಯ, ಚರ್ಮ ಅದನ್ನು ಹೀರಿ ಸಡಿಲಾಗುತ್ತದೆ, ಸ್ವರ ಕೆಳಗೆ ಜಾರುತ್ತದೆ. ಹೆಣ್ಣುಮಕ್ಕಳ ಶ್ರುತಿ ಮೇಲಿನದ್ದು. ಅದಕ್ಕೆ ಕೂಡಿಸಿದ ತಬಲಾ ಬಿಗಿಯಾಗಿರಬೇಕು, ಚೂರು ಇಳಿದರೂ ಕಿವಿಗೆ ಚುಚ್ಚುತ್ತದೆ. ಭಾಷಣದ ಹೊತ್ತೆಲ್ಲ ತಬಲಾ ಬಯಲಲ್ಲಿ ಕೂತು ಒದ್ದೆಯಾಗಿತ್ತು. ತಬಲಾದವರು ಸುತ್ತಿಗೆ ಹಿಡಿದು ಪುಡಿಯ ಅಂಚಿನ ಹೆಣೆದ ಚರ್ಮದ ಬಳೆ, ಗಜರಾ ಮೇಲೆ ಟಕ್ ಟಕ್ ಎಂದು ಕುಟ್ಟಿ ಕೂಡಿಸಿದರು. ವಿಲಂಬಿತ, ಅಂದರೆ ನಿಧಾನ ಗತಿಯ, ಏಕತಾಲದ ನಾಲ್ಕು ಆವರ್ತನ ಆಗುವಷ್ಟರಲ್ಲಿ ಮತ್ತೆ ಇಳಿಯಿತು. ಎಡಗೈಯಲ್ಲಿ ಠೇಕಾ (ತಾಳದ ನುಡಿಸಾಣಿಕೆ) ಬಿಡದೆ ಬಲಗೈಯಲ್ಲಿ ಕುಟ್ಟಿ ಸ್ವರ ಏರಿಸಿದರು. ಪಕ್ಕದವರಿಗೆ ಅದು ಅಡಚಣೆ. ನನಗೆ ಅವತ್ತಿನ ದೊಡ್ಡ ಪಾಠ.

ಮೈಕಿನವರ ಬಗ್ಗೆ ಒಂದು ಮಾತು. ಮೊದಲ ಅರ್ಧ ತಾಸು ಗಾಳಿ ಮೈಕಿಗೆ ಬಡಿದು ಭರ್ರ್ ಎನ್ನುತ್ತಿತ್ತು. ಸ್ಪಂಜಿನ ಟೋಪಿ ಹಾಕಿದರೆ ಸಾಕಿತ್ತು, ಕೊನೆಗೆ ಅದನ್ನೇ ಹಾಕಿದರು. ಬೆನ್ನಿಗೇ ಹೆದ್ದಾರಿ 66. ಲಾರಿ ಹಾರ್ನ್ ಯಾವ ರಾಗಕ್ಕೂ ಕಾಯುವುದಿಲ್ಲ.

ಎಂಟೂವರೆ ಹೊತ್ತಿಗೆ ಕಡಲಗಾಳಿ ನಿಂತಿತು. ಭಾಷಣಕ್ಕೆಂದು ಬಂದವರೂ ಎದ್ದು ಹೋಗಿದ್ದರು. ಸೋಫಾ ಪೂರ್ತಿ ಖಾಲಿಯಾದ ಮೇಲೆ ಆಯಿ ಯಾರನ್ನೂ ಕೇಳದೆ ಹೋಗಿ ಕೂತಳು. ಆಮೇಲಿನ ಬಾಗೇಶ್ರೀ ರಾಗಕ್ಕಾಗಿ ಇನ್ನೊಮ್ಮೆ ಘಟ್ಟ ಇಳಿಯಲೂ ಸೈ. ಮಧ್ಯಮ ಸ್ವರದ ಮೇಲೆ ಗಾಯಕಿ ನಿಂತರೆ ಹಿಂದಿನಿಂದ ಅಲೆ ಬಂದು ಮರಳಿಗೆ ಬೀಳುವುದು ಸಣ್ಣಗೆ ಕೇಳುತ್ತಿತ್ತು. ತೀನತಾಲದ ದ್ರುತ್ ಚೀಜಿಗೆ (ವೇಗದ ಬಂದಿಶಿಗೆ, ಅಂದರೆ ಹಾಡಿಗೆ) ತಬಲಾ ಕೊನೆಗೂ ಒಂದೇ ಸ್ವರದಲ್ಲಿ ನಿಂತಿತು. ಭೈರವಿಯಲ್ಲಿ ದಾಸರ ಪದ ಹಾಡಿ ಮುಗಿಸಿದರು.

ಹೋಗುವವರು ಏಳರ ಮೇಲೆ ಹೋಗಿ. ವಯಸ್ಸಾದವರಿಗೆ ಶಾಲು, ಕಿವಿಗೊಂದು ಮಫ್ಲರ್ ಇರಲಿ, ಇಬ್ಬನಿ ಬೀಳುತ್ತದೆ. ಧ್ವನಿಪೆಟ್ಟಿಗೆಯ ಪಕ್ಕ ಕೂರಬೇಡಿ, ನಡುವಿನ ಸಾಲು ಒಳ್ಳೆಯದು.

ಹೊರಡುವ ಮುಂಚೆ ತಬಲಾದವರನ್ನು ಮಾತಾಡಿಸಿದೆ. ತಬಲಾವನ್ನು ಟವೆಲ್ಲಿನಲ್ಲಿ ಸುತ್ತಿ ಚೀಲಕ್ಕೆ ಹಾಕುತ್ತಿದ್ದರು. "ನಿಮ್ಮ ಶಿರಸಿ ಮಳೆಗಾಲದಾಗ ಏನ್ ಮಾಡ್ತೀರಿ ಸರ?" ಎಂದು ಕೇಳಿದರು.

"ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತೇವೆ," ಎಂದೆ, "ಹಪ್ಪಳದ ಡಬ್ಬಿ ಪಕ್ಕ."