10ರ ಫ್ಯೂಸ್ ಜಾಗದಲ್ಲಿ 30ರದ್ದು ಹಾಕಿದೆ, ಕಾರು ಉಳಿದದ್ದೇ ಹೆಚ್ಚು

ಹಳೇ ಕಾರು ಇಟ್ಟುಕೊಂಡು ಅದರ ವೈರಿಂಗಿಗೆ ಮನೆಯಲ್ಲೇ ಕೈ ಹಾಕುವ ಚಪಲ ಇರುವವರು ಇದನ್ನು ಓದಿ. ನಾನು ಮಾಡಿದ್ದು ದಡ್ಡತನ ಅಂತ ಈಗ ಗೊತ್ತಾಗಿದೆ. ಮಾಡುವಾಗ ಮಾತ್ರ ಬುದ್ಧಿವಂತಿಕೆ ಥರಾನೇ ಕಾಣಿಸಿತ್ತು.

ಕಾರಿಗೆ 20 ವರ್ಷ ದಾಟಿದೆ, ಎಂಜಿನ್ ಗಟ್ಟಿಮುಟ್ಟು. ಕಾಟ ಶುರುವಾಗಿದ್ದು ಪಾರ್ಕಿಂಗ್ ಲೈಟಿನ ಫ್ಯೂಸಿನಿಂದ. 10 ಆಂಪ್‌ನ ಕೆಂಪು ಫ್ಯೂಸ್. ಹೊಸದು ಹಾಕಿದರೆ ಎರಡು ದಿನ ಸುಮ್ಮನಿರುತ್ತಿತ್ತು, ಆಮೇಲೆ ಮತ್ತೆ ಢಮಾರ್. ನನ್ನ ಕಾರಿನಲ್ಲಿ ಮುಂದಿನ ಹಿಂದಿನ ಪಾರ್ಕಿಂಗ್ ದೀಪ, ನಂಬರ್ ಪ್ಲೇಟ್ ದೀಪ, ಡ್ಯಾಶ್‌ಬೋರ್ಡಿನ ಬೆಳಕು ಎಲ್ಲಕ್ಕೂ ಅದೊಂದೇ ಫ್ಯೂಸ್. ಅದು ಹೋದರೆ ಎಲ್ಲವೂ ಒಟ್ಟಿಗೆ ಕತ್ತಲೆ.

ಮಲ್ಟಿಮೀಟರ್ ಇತ್ತು, ಹುರುಪೂ ಇತ್ತು. ಮೊದಲ ದಿನವೇ ಕೆಂಪು ವೈರನ್ನು ಮೀಟರಿನ 10 ಆಂಪ್ ತೂತಿನಲ್ಲೇ ಬಿಟ್ಟು ಬ್ಯಾಟರಿಯ ವೋಲ್ಟೇಜ್ ನೋಡಲು ಹೋಗಿ ಕಿಡಿ ಹಾರಿಸಿದೆ. (ಆ ತೂತಿನಲ್ಲಿದ್ದರೆ ಮೀಟರ್ ಹೆಚ್ಚುಕಡಿಮೆ ಬರೀ ತಂತಿಯೇ, ಬ್ಯಾಟರಿಯ ಎರಡು ತುದಿಗೆ ತಂತಿ ಹಿಡಿದ ಹಾಗೆ.) ಅಲ್ಲಿಗೇ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಫ್ಯೂಸ್ ಕಿತ್ತು, ಅದರಿಂದ ದೀಪದ ಕಡೆಗೆ ಹೋಗುವ ತುದಿಗೂ ಕಾರಿನ ಬಾಡಿಗೂ ಮೀಟರ್ ಹಿಡಿದೆ. ಕರೆಂಟಿಗೆ ದಾರಿ ಇದ್ದರೆ ಕೂಗುವ ಸೆಟ್ಟಿಂಗಿನಲ್ಲಿ ಇಟ್ಟಿದ್ದೆ, ಕುಯ್ ಅಂತ ಕೂಗಿತು. ಶಾರ್ಟ್ (ವೈರು ಬಾಡಿಗೆ ತಾಗಿ ಕರೆಂಟ್ ಸೋರುವ ಜಾಗ) ಸಿಕ್ಕಿತು ಅಂತ ಖುಷಿಪಟ್ಟು ಒಂದೊಂದೇ ಕನೆಕ್ಟರ್ ಬಿಚ್ಚುತ್ತಾ ಹೋದೆ. ಎಲ್ಲಿ ಹಿಡಿದರೂ ಕುಯ್.

ಬಲ್ಬುಗಳನ್ನು ತೆಗೆದಿರಲಿಲ್ಲ, ಅಷ್ಟೇ ವಿಷಯ. ಉರಿಯದೆ ತಣ್ಣಗಿರುವ ಬಲ್ಬಿನ ಫಿಲಮೆಂಟ್, ಅಂದರೆ ಒಳಗಿನ ತೆಳು ತಂತಿ, ಕರೆಂಟಿಗೆ ಕೆಲವೇ ಓಮ್ ತಡೆ ತೋರಿಸುತ್ತದೆ. ಐದಾರು ಬಲ್ಬು ಪಕ್ಕಪಕ್ಕ ಇದ್ದರಂತೂ ಒಟ್ಟು ಒಂದು ಓಮಿನ ಆಸುಪಾಸಿಗೆ ಇಳಿದುಬಿಡುತ್ತದೆ. ಮೀಟರಿಗೆ ಅದೂ ಒಂದೇ, ಶಾರ್ಟೂ ಒಂದೇ. ಎರಡು ಭಾನುವಾರ ಇಲ್ಲದ ಶಾರ್ಟ್ ಹುಡುಕುತ್ತಾ ಕಳೆದೆ.

ಸಹನೆ ಮುಗಿದಾಗ ಕೆಟ್ಟ ಬುದ್ಧಿ ಬಂತು. ಹಳೇ ವೈರಲ್ಲವೇ, ಸ್ವಲ್ಪ ಜಾಸ್ತಿ ಕರೆಂಟ್ ಎಳೆಯುತ್ತಿರಬೇಕು ಅಂತ ನನಗೆ ನಾನೇ ಹೇಳಿಕೊಂಡು 15ರ ನೀಲಿ ಫ್ಯೂಸ್ ಹಾಕಿದೆ. ಅದೂ ಹೋಯಿತು. ಡಬ್ಬಿಯಲ್ಲಿ ಉಳಿದಿದ್ದು ಹಸಿರು ಬಣ್ಣದ್ದು, 30 ಆಂಪ್. ಅದನ್ನು ಒತ್ತಿದೆ. ಒಂದು ವಾರ ಏನೂ ಆಗಲಿಲ್ಲ. ರಿಪೇರಿ ಮಾಡಿಬಿಟ್ಟೆ ಅಂತ ಎದೆ ಉಬ್ಬಿಸಿಕೊಂಡು ಓಡಾಡಿದೆ.

ಕಾಗದದ ಮೇಲೆ ಎರಡು ನಿಮಿಷ ಲೆಕ್ಕ ಹಾಕಿದ್ದರೆ ಸಾಕಿತ್ತು. 5 ವ್ಯಾಟಿನ ಆರು ಬಲ್ಬು ಅಂದರೆ 30 ವ್ಯಾಟ್. 12 ವೋಲ್ಟಿನಿಂದ ಭಾಗಿಸಿದರೆ 2.5 ಆಂಪ್. ಡ್ಯಾಶ್‌ಬೋರ್ಡಿನ ಪುಟಾಣಿ ದೀಪಗಳೂ ಸೇರಿ 3 ಆಂಪ್ ಅಂತಲೇ ಇಟ್ಟುಕೊಳ್ಳಿ. 3 ಆಂಪಿನ ಕೆಲಸಕ್ಕೆ 10ರ ಫ್ಯೂಸ್ ಹೋಗುತ್ತಿದೆ ಅಂದರೆ ಫ್ಯೂಸ್ ಚಿಕ್ಕದಾಯಿತು ಅಂತ ಅರ್ಥವೇ? ಕರೆಂಟ್ ಇನ್ನೆಲ್ಲೋ ಸೋರುತ್ತಿದೆ ಅಂತ ತಾನೇ!

ಒಂದು ಸಂಜೆ ಮನೆ ಮುಂದೆ ನಿಲ್ಲಿಸಿ, ಪಾರ್ಕಿಂಗ್ ಲೈಟ್ ಹಾಕಿದ್ದ ಹಾಗೇ ಡಿಕ್ಕಿಯಿಂದ ಚೀಲಗಳನ್ನು ಇಳಿಸಿ ಧಡಾರನೆ ಮುಚ್ಚಿದೆ. ಮುಂದಿನ ಸೀಟಿನಲ್ಲಿದ್ದ ನನ್ನ ಹೆಂಡತಿ, "ರೀ, ಏನೋ ಸುಡ್ತಾ ಇದೆ" ಅಂದಳು. ಅಷ್ಟರಲ್ಲಿ ಸ್ಟೀರಿಂಗ್ ಕೆಳಗಿನಿಂದ ಬಿಳೀ ಹೊಗೆ. ಅವಳನ್ನು ಇಳಿಸಿ ಕೀ ಕಿತ್ತುಕೊಂಡೆ. ಹೊಗೆ ನಿಲ್ಲಲಿಲ್ಲ. ಪಾರ್ಕಿಂಗ್ ಲೈಟಿಗೆ ಕರೆಂಟ್ ಬರುವುದು ಇಗ್ನಿಷನ್ ಮೂಲಕ ಅಲ್ಲ, ನೇರ ಬ್ಯಾಟರಿಯಿಂದ. ಕೀ ಕೈಯಲ್ಲಿ ಹಿಡಿದುಕೊಂಡು ನಿಂತರೆ ಏನೂ ಪ್ರಯೋಜನವಿಲ್ಲ. ಲೈಟ್ ಸ್ವಿಚ್ ಆರಿಸಬೇಕು ಅಂತ ಆ ಗಾಬರಿಯಲ್ಲಿ ಹೊಳೆಯಲೇ ಇಲ್ಲ. ಹೊಳೆದಿದ್ದರೂ ಅಷ್ಟಕ್ಕೆ ನಿಲ್ಲುತ್ತಿರಲಿಲ್ಲವಂತೆ: ಅಷ್ಟೊತ್ತಿಗೆ ಕರಗಿದ ವೈರು ಪಕ್ಕದಲ್ಲಿದ್ದ, ಸದಾ ಕರೆಂಟ್ ಇರುವ ಇನ್ನೊಂದು ವೈರಿಗೆ ಅಂಟಿಕೊಂಡಿತ್ತು.

ಬ್ಯಾಟರಿ ಬಿಚ್ಚೋಣ ಅಂತ ಬಾನೆಟ್ ಎತ್ತಿ ನೋಡಿದರೆ ಟರ್ಮಿನಲ್ಲಿನ ನಟ್ಟು ತುಕ್ಕು. ಸ್ಪ್ಯಾನರ್ ಮನೆಯೊಳಗೆ. ಓಡಿ ತಂದು, ಕೈಗೆ ಹತ್ತಿರವಿದ್ದ ಪಾಸಿಟಿವ್ ಕಡೆಗೇ ಹಾಕಿ ತಿರುಗಿಸಿದೆ. ಸ್ಪ್ಯಾನರಿನ ಇನ್ನೊಂದು ತುದಿ ಬಾಡಿಗೆ ತಾಗಿ ಕಣ್ಣು ಕೋರೈಸುವಂಥ ಕಿಡಿ. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಕಿಡಿ ತಾಗಿದರೆ ಸಿಡಿಯುವ ಹೈಡ್ರೋಜನ್ ಅನಿಲ ಹೊರಬರುತ್ತದೆ, ಕಾರು ಆಗಷ್ಟೇ ಓಡಿ ಬಂದಿತ್ತು. ಅಲ್ಲಿ ಏನು ಬೇಕಾದರೂ ಆಗಬಹುದಿತ್ತು. ನೆಗೆಟಿವ್ ಮೊದಲು ಬಿಚ್ಚಿ, ಹಾಕುವಾಗ ಅದನ್ನೇ ಕೊನೆಗೆ ಹಾಕಿ ಅನ್ನುವುದು ಇದಕ್ಕೇ. ಕಾರಿನ ಬಾಡಿಗೆ ಸೇರಿಸಿರುವುದು ಬ್ಯಾಟರಿಯ ನೆಗೆಟಿವ್ ತುದಿಯನ್ನೇ; ಅದನ್ನು ಬಿಚ್ಚಿದ ಮೇಲೆ ಸ್ಪ್ಯಾನರ್ ಬಾಡಿಗೆ ತಾಗಿದರೂ ಕರೆಂಟಿಗೆ ವಾಪಸ್ ದಾರಿ ಇರುವುದಿಲ್ಲ. ಕೊನೆಗೆ ನೆಗೆಟಿವನ್ನೇ ಎಳೆದು ಕಿತ್ತೆ. ಹೊಗೆ ನಿಂತಿತು. ಆ ಹೊಗೆ ಕುಡಿದದ್ದಕ್ಕೆ ಗಂಟಲು ರಾತ್ರಿಯಿಡೀ ಉರಿಯಿತು. ವೈರಿನ ಮೇಲಿನ ಪಿವಿಸಿ ಪ್ಲಾಸ್ಟಿಕ್ ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಅನ್ನುವ ವಿಷಾನಿಲ ಬರುತ್ತದೆ, ಹತ್ತಿರ ಹೋಗಿ ಮೂಸಿ ನೋಡಬೇಡಿ.

ಬಂದ ಆಟೋ ಎಲೆಕ್ಟ್ರಿಷಿಯನ್ ಹಸಿರು ಫ್ಯೂಸನ್ನು ಕಿತ್ತು ಅಂಗೈ ಮೇಲೆ ಇಟ್ಟು ತೋರಿಸಿದರು. ಅದು ಹೋಗಿರಲೇ ಇಲ್ಲ! "ಫ್ಯೂಸ್ ಇರೋದು ವೈರ್ ಕಾಯೋಕೆ ಸಾರ್. ನೀವು ಕಾವಲಿಗಿದ್ದವನನ್ನ ತೆಗೆದು ನಿದ್ದೆ ಮಾಡೋನನ್ನ ಕೂರಿಸಿದ್ರಿ" ಅಂದರು. ದೀಪದ ವೈರು ತೆಳ್ಳಗಿನದು, 10 ಆಂಪಿಗೆ ಅಂತ ಹಾಕಿದ್ದು. ಶಾರ್ಟ್ ಆಗಿದ್ದ ಜಾಗದಲ್ಲಿ ತುಕ್ಕು ಇದ್ದದ್ದರಿಂದ ಕರೆಂಟ್ ಪೂರ್ತಿ ನುಗ್ಗಿರಲಿಲ್ಲ. 30ರ ಫ್ಯೂಸ್ ಹಾರುವಷ್ಟು ಇಲ್ಲ, ವೈರು ಕೆಂಡವಾಗುವಷ್ಟು ಇತ್ತು. ಕಾರಿನ ಈ ಚಪ್ಪಟೆ ಕಾಲಿನ ಬ್ಲೇಡ್ ಫ್ಯೂಸ್ ತನ್ನ ಅಂಕಿಗಿಂತ 10% ಹೆಚ್ಚಾದರೂ ಗಂಟೆಗಟ್ಟಲೆ ತಡೆದುಕೊಳ್ಳುತ್ತದೆ ಅನ್ನುವುದು ನನಗೆ ಗೊತ್ತೇ ಇರಲಿಲ್ಲ. ಹಾರ್ನೆಸ್ಸಿನ (ವೈರುಗಳ ಕಟ್ಟಿನ) ಟೇಪ್ ಬಿಡಿಸಿದರೆ ಹನ್ನೊಂದು ವೈರು ಒಂದಕ್ಕೊಂದು ಅಂಟಿ ಬೆಲ್ಲದ ಪಾಕದ ಹಾಗೆ ಆಗಿದ್ದವು.

ಮೂಲ ಕಾಯಿಲೆ ಹುಡುಕಲು ಅವರಿಗೆ ಬೇಕಾದದ್ದು ಹತ್ತೇ ನಿಮಿಷ. ಈ ಬರಹದಲ್ಲಿ ಒಂದೇ ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಕರಗಿದ ಭಾಗ ಕತ್ತರಿಸಿ ತಾತ್ಕಾಲಿಕವಾಗಿ ವೈರು ಜೋಡಿಸಿದ ಮೇಲೆ, ಪಾರ್ಕಿಂಗ್ ಲೈನಿನ ಬಲ್ಬುಗಳನ್ನೆಲ್ಲ ತೆಗೆಸಿದರು. 21 ವ್ಯಾಟಿನ ಬ್ರೇಕ್ ಲೈಟ್ ಬಲ್ಬಿಗೆ ಎರಡು ವೈರು ಕಟ್ಟಿ, ಅದನ್ನು ಫ್ಯೂಸಿನ ಜಾಗಕ್ಕೆ ಸಿಕ್ಕಿಸಿ, ಲೈಟ್ ಸ್ವಿಚ್ ಹಾಕಿದರು. ಶಾರ್ಟ್ ಇಲ್ಲದಿದ್ದರೆ ಬಲ್ಬು ಉರಿಯುವುದಿಲ್ಲ, ಇದ್ದರೆ ಝಗ್ಗನೆ ಉರಿಯುತ್ತದೆ. ಆಗಲೂ ಹರಿಯುವುದು 1.75 ಆಂಪ್ ಮಾತ್ರ, ಯಾವ ವೈರೂ ಬಿಸಿಯಾಗುವುದಿಲ್ಲ, ಒಂದೂ ಫ್ಯೂಸ್ ಖರ್ಚಾಗುವುದಿಲ್ಲ. ಬಲ್ಬಿನ ಮೇಲೆ ಕಣ್ಣಿಟ್ಟು ವೈರುಗಳನ್ನು ಅಲ್ಲಾಡಿಸುತ್ತಾ ಹೋಗುವುದು. ಅಲ್ಲಾಡಿಸಿದರೆ ಏನೂ ಇಲ್ಲ. ಡಿಕ್ಕಿ ಮುಚ್ಚಿದರು, ಬಲ್ಬು ಹತ್ತಿತು. ತೆರೆದರು, ಆರಿತು.

ನಂಬರ್ ಪ್ಲೇಟ್ ದೀಪದ ವೈರು ಡಿಕ್ಕಿಯ ಕೀಲಿನ ಪಕ್ಕ ರಬ್ಬರ್ ಕೊಳವೆಯೊಳಗೆ ಹಾದುಹೋಗುತ್ತದೆ. ತೆರೆದು ಮುಚ್ಚಿ, ಮಡಚಿ ಮಡಚಿ, ಗಟ್ಟಿಯಾದ ಇನ್ಸುಲೇಷನ್ ಬಿರುಕುಬಿಟ್ಟು ತಾಮ್ರ ಇಣುಕುತ್ತಿತ್ತು. ಮುಚ್ಚಿದಾಗ ಕೀಲಿಗೆ ತಾಗುತ್ತಿತ್ತು. ನಾನು ಎರಡು ಭಾನುವಾರವೂ ಡಿಕ್ಕಿ ತೆರೆದಿಟ್ಟುಕೊಂಡೇ ಹುಡುಕಿದ್ದೆ. ಹಳೇ ಕಾರಿನಲ್ಲಿ ಹಿಂದಿನ ದೀಪಗಳ ತೊಂದರೆ ಬಂದರೆ ಮೊದಲು ಆ ರಬ್ಬರ್ ಕೊಳವೆ ಸರಿಸಿ ನೋಡಿ. ಬಾಗಿಲಿನ ಕೀಲಿನ ಹತ್ತಿರವೂ ಅಂಥದ್ದೇ ಇರುತ್ತದೆ.

ಈ ಬಲ್ಬಿನ ಉಪಾಯವನ್ನು ದೀಪ, ಹಾರ್ನ್‌ನಂಥ ಸಾದಾ ಲೈನುಗಳಿಗೆ ಮಾತ್ರ ಬಳಸಿ. ಹಳದಿ ಬಣ್ಣದ ಕನೆಕ್ಟರ್ ಕಂಡರೆ ಅದು ಸಾಮಾನ್ಯವಾಗಿ ಏರ್‌ಬ್ಯಾಗಿನದು, ಮೀಟರೂ ಬೇಡ ಬಲ್ಬೂ ಬೇಡ.

ಅವರು ಜೋಡಿಸಿ ಕೊಟ್ಟ ಆ ಬಲ್ಬು ಈಗ ಡ್ಯಾಶ್‌ಬೋರ್ಡಿನ ಖಾನೆಯಲ್ಲಿದೆ, ಪಕ್ಕದಲ್ಲಿ ಬ್ಯಾಟರಿ ನಟ್ಟಿಗೆ ಕೂರುವ ಸ್ಪ್ಯಾನರ್. ಉಳಿದ ಹಸಿರು ಫ್ಯೂಸುಗಳನ್ನು ಎಸೆದಾಯಿತು. ಸುಟ್ಟ ವಾಸನೆ ಮಾತ್ರ ಹೋಗಿಲ್ಲ. ಬಿಸಿಲಿನಲ್ಲಿ ನಿಲ್ಲಿಸಿ ಬಾಗಿಲು ತೆಗೆದರೆ ಈಗಲೂ ಮೂಗಿಗೆ ಹೊಡೆಯುತ್ತದೆ, ಹೆಂಡತಿ ಒಂದು ಕ್ಷಣ ನಿಂತು ಆಮೇಲೆ ಹತ್ತುತ್ತಾಳೆ.